ಎರಡು ಬದಿಗೂ ಬರೆದ ನಾಮಫಲಕ

ವಕೀಲರ ಪರಿಷತ್ತಿನ ಅಧ್ಯಕ್ಷ ಪೀಠದಲ್ಲಿ ಕುಳಿತಿರುವ ಮಾನ್ಯರೇ,

ನಿಮ್ಮ ಕಚೇರಿಯ ಸಭಾಕೊಠಡಿಯ ಮೇಜಿನ ಮೇಲೆ ಮರದ ಒಂದು ನಾಮಫಲಕವಿದೆ. ಅದರ ಒಂದು ಬದಿಯಲ್ಲಿ ‘ವಕೀಲರ ಕ್ಷೇಮ ಸಮಿತಿ’ ಎಂದು ಬರೆದಿದೆ. ಇನ್ನೊಂದು ಬದಿಯಲ್ಲಿ ‘ಶಿಸ್ತು ಸಮಿತಿ’ ಎಂದು ಬರೆದಿದೆ. ನನ್ನ ಮಗಳು ಮೊದಲ ಬದಿಯನ್ನು ನಂಬಿ ಆ ಕೊಠಡಿಯೊಳಗೆ ಹೋದಳು. ಎರಡನೆಯ ಬದಿ ಅವಳನ್ನು ಹೊರಗೆ ಕಳುಹಿಸಿತು. ಈಗ ಅವಳಿಲ್ಲ. ನನ್ನ ದೂರು ಇಷ್ಟೇ, ಮುಂದಿನದೆಲ್ಲ ವಿವರಣೆ.

ವಿವರಣೆ ದೀರ್ಘವಾದರೆ ಸಹಿಸಿಕೊಳ್ಳಬೇಕು. ದೀರ್ಘವಾದ ಮಾತಿಗೆ ಹೆದರುವ ವೃತ್ತಿ ನಿಮ್ಮದಲ್ಲವಲ್ಲ. ನಾನು ವಕೀಲನಲ್ಲ. ತೂಕ ಮತ್ತು ಅಳತೆಗಳ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ದುಡಿದು ನಿವೃತ್ತನಾದವನು. ಅದಕ್ಕೂ ಮುಂಚೆ, ಕಾಲೇಜಿನ ದಿನಗಳಲ್ಲಿ, ಚರ್ಚಾಸ್ಪರ್ಧೆಯ ವೇದಿಕೆ ಬಿಟ್ಟು ಕೆಳಗಿಳಿಯದವನು. ನಮ್ಮ ಚರ್ಚಾಕೂಟದಲ್ಲಿ ಒಂದು ಕಟ್ಟಳೆ ಇತ್ತು: ಎದುರಾಳಿಯ ವಾದವನ್ನು ಮೊದಲು ಅವನೇ ತಲೆಯಾಡಿಸುವಷ್ಟು ಚೆನ್ನಾಗಿ ಹೇಳಬೇಕು, ಖಂಡನೆ ಆಮೇಲೆ. ಮಗಳನ್ನು ಕಳೆದುಕೊಂಡ ಮೇಲೂ ಆ ಕಟ್ಟಳೆಯನ್ನು ಮುರಿಯುವ ಉದ್ದೇಶ ನನಗಿಲ್ಲ. ಆದ್ದರಿಂದ ನಿಮ್ಮ ಪರವಾಗಿ ಹೇಳಬೇಕಾದದ್ದನ್ನೂ ನಾನೇ ಹೇಳುತ್ತೇನೆ. ಬಹುಶಃ ನೀವು ಹೇಳುವುದಕ್ಕಿಂತ ಚೆನ್ನಾಗಿಯೇ ಹೇಳುತ್ತೇನೆ.

ನನ್ನ ಮಗಳು ಕ್ರಿಮಿನಲ್ ಮೊಕದ್ದಮೆಗಳಲ್ಲಿ ಆರೋಪಿಗಳ ಪರ ನಿಲ್ಲುತ್ತಿದ್ದಳು. ಮನೆಯಲ್ಲಿ ನಾನು ಏನಾದರೂ ಕಟ್ಟಪ್ಪಣೆ ಮಾಡಿದರೆ, “ಆಯ್ತು ಮೈ ಲಾರ್ಡ್, ಅಮ್ಮನ ಹತ್ರ ಮೇಲ್ಮನವಿ ಹಾಕ್ಕೋತೀನಿ” ಎನ್ನುತ್ತಿದ್ದಳು. ಮೇಲ್ಮನವಿಗಳೆಲ್ಲ ಅವಳ ಪರವಾಗಿಯೇ ಇತ್ಯರ್ಥವಾಗುತ್ತಿದ್ದವು. ಅಡುಗೆಮನೆಯ ಆ ನ್ಯಾಯಪೀಠದ ಮುಂದೆ ನನ್ನ ವಾದಕ್ಕೆ ಕವಡೆ ಕಿಮ್ಮತ್ತೂ ಇರಲಿಲ್ಲ.

ಒಂದು ಮಳೆಗಾಲದಲ್ಲಿ ನ್ಯಾಯಾಲಯದ ಒದ್ದೆ ಮೆಟ್ಟಿಲುಗಳ ಮೇಲೆ, ಎದೆಗವಚಿಕೊಂಡಿದ್ದ ಕಡತಗಳ ಸಮೇತ ಅವಳು ಜಾರಿ ಬಿದ್ದಳು. ಬೆನ್ನಿಗೆ ಪೆಟ್ಟಾಯಿತು. ದೊಡ್ಡದೊಂದು ವಿಚಾರಣೆ ನಡೆಯುತ್ತಿತ್ತು. ಮಲಗಿ ವಿಶ್ರಾಂತಿ ಪಡೆಯಲು ಪುರುಸೊತ್ತಿರಲಿಲ್ಲ. ವೈದ್ಯರು ಬಲವಾದ ನೋವಿನ ಮಾತ್ರೆ ಕೊಟ್ಟರು. ಆ ಮಾತ್ರೆ ಬೆನ್ನಿನ ನೋವನ್ನಷ್ಟೇ ತೆಗೆಯಲಿಲ್ಲ. ಹಗಲೆಲ್ಲ ಅವಳು ನೋಡಿದ ಶವಪರೀಕ್ಷೆಯ ಚಿತ್ರಗಳನ್ನು, ಜೈಲಿನ ಜಾಲರಿಯಾಚೆ ಅಳುವ ಮುಖಗಳನ್ನು ಸಂಜೆಯ ಹೊತ್ತಿಗೆ ಒರೆಸಿಹಾಕುತ್ತಿತ್ತು. ಬೆನ್ನು ವಾಸಿಯಾಯಿತು, ಮಾತ್ರೆ ಹೋಗಲಿಲ್ಲ. ಆ ವೈದ್ಯರು ಬರೆದುಕೊಡುವುದನ್ನು ನಿಲ್ಲಿಸಿದಾಗ ಅವಳು ಬೇರೆಲ್ಲೂ ಅಲೆಯಬೇಕಾಗಲಿಲ್ಲ. ವಕೀಲರ ಸಂಘದ ಕೋಣೆಯಲ್ಲಿ, ಪೆನ್ನು ಕೇಳಿದರೆ ಪೆನ್ನು ಕೊಟ್ಟಷ್ಟೇ ಸಲೀಸಾಗಿ, ಕಪ್ಪು ಕೋಟಿನ ಜೇಬಿನಿಂದ ಮಾತ್ರೆಯ ಹಾಳೆ ಹೊರಬರುತ್ತಿತ್ತು. ಎಚ್ಚರವಿರಲು ಒಬ್ಬರ ಬಳಿ, ನಿದ್ದೆ ಬರಲು ಇನ್ನೊಬ್ಬರ ಬಳಿ, ಕೈ ನಡುಗದಿರಲು ಮತ್ತೊಬ್ಬರ ಬಳಿ. ಮಾನ್ಯರೇ, ಆ ಕೋಣೆಯನ್ನು ನೀವು ಉದ್ಘಾಟಿಸಿದ್ದೀರಿ. ಹೊರಗಿನ ಕಲ್ಲಿನ ಮೇಲೆ ನಿಮ್ಮ ಹುದ್ದೆಯ ಉಲ್ಲೇಖವಿದೆ. ಒಳಗೆ ಏನು ನಡೆಯುತ್ತದೆಂದು ನಿಮಗೆ ತಿಳಿಯದು ಎಂದರೆ ನಾನು ನಂಬಬೇಕೆ?

ಇನ್ನು ಅವಳ ಸೀನಿಯರ್ ಕೊಠಡಿಯ ಸಂಗತಿ. ಕಾನೂನು ಪುಸ್ತಕಗಳ ಕಪಾಟಿನಲ್ಲಿ ಕೆಳಗಿನ ಖಾನೆ ಬಾಟಲಿಗಳಿಗೆ ಮೀಸಲು. ತೀರ್ಪು ಬಂದ ದಿನ ಗೆದ್ದರೆ ಗೆದ್ದದ್ದಕ್ಕೆ, ಸೋತರೆ ಸೋತದ್ದಕ್ಕೆ ಗ್ಲಾಸುಗಳು ಹೊರಬರುತ್ತಿದ್ದವು. ಕುಡಿಯದ ಜೂನಿಯರ್ ಯಾರಾದರೂ ಇದ್ದರೆ, “ಇವರು ಸಾಕ್ಷಿ ಕಣ್ರೀ, ಆರೋಪಿ ಅಲ್ಲ, ಹುಷಾರಾಗಿ ಮಾತಾಡಿ” ಎಂದು ಸೀನಿಯರ್ ನಗುತ್ತಿದ್ದರಂತೆ. ಈ ಮಾತನ್ನು ಮಗಳೇ ನಗುತ್ತ ನಮಗೆ ಹೇಳಿದ್ದಳು. ಅವಳ ತಾಯಿ ನಗಲಿಲ್ಲ. “ಸಾಕ್ಷಿಯಾಗೇ ಇದ್ದುಬಿಡು” ಎಂದಷ್ಟೇ ಹೇಳಿ ತಟ್ಟೆ ತೆಗೆದುಕೊಂಡು ಎದ್ದುಹೋದಳು.

ಇಷ್ಟಾದರೂ ವ್ಯಸನ ಹೇಗೆ ಬಯಲಾಗದೆ ಉಳಿಯಿತು ಎಂದು ಹೊರಗಿನವರು ಕೇಳಬಹುದು. ನೀವು ಕೇಳಲಾರಿರಿ, ಏಕೆಂದರೆ ಮುಚ್ಚುವ ವಿದ್ಯೆ ನಿಮ್ಮ ವೃತ್ತಿಯದೇ. ಅದಕ್ಕೆ ನೀವು ಸೌಜನ್ಯ ಎಂದು ಹೆಸರಿಟ್ಟಿದ್ದೀರಿ. ಒಬ್ಬ ವಕೀಲ ಬೆಳಿಗ್ಗೆ ನೆಟ್ಟಗೆ ನಿಲ್ಲಲಾರದ ಸ್ಥಿತಿಯಲ್ಲಿದ್ದರೆ ಇನ್ನೊಬ್ಬರು ಎದ್ದು, ಮಾನ್ಯ ಸಹೋದ್ಯೋಗಿ ಅಸ್ವಸ್ಥರಾಗಿದ್ದಾರೆ, ವಾಯಿದೆ ಬೇಕು ಎನ್ನುತ್ತಾರೆ. ಎದುರು ಪಕ್ಷದ ವಕೀಲರು ಆಕ್ಷೇಪಿಸುವುದಿಲ್ಲ. ನಾಳೆ ತಮಗೂ ಬೇಕಾದೀತು. ನ್ಯಾಯಾಧೀಶರು ತಲೆ ಎತ್ತದೆ ಮುಂದಿನ ದಿನಾಂಕ ಕೊಡುತ್ತಾರೆ. ಅವರೂ ಒಂದು ಕಾಲದಲ್ಲಿ ಅದೇ ಕೋಣೆಯ ಕುರ್ಚಿಗಳಲ್ಲಿ ಕುಳಿತವರು. ನನ್ನ ಮಗಳ ಪರವಾಗಿ ಹೀಗೆ ಎದ್ದು ನಿಲ್ಲುತ್ತಿದ್ದವನು ಅವಳ ಜೊತೆಯಲ್ಲೇ ಸನ್ನದು ಪಡೆದ ಗೆಳೆಯ. ಅವಳೊಬ್ಬಳಿಗೇ ಅಲ್ಲ, ಬಹಳ ಮಂದಿಗೆ ಅವನೇ ದಿನಾಂಕ ತರುತ್ತಿದ್ದ. ಯಾವ ನ್ಯಾಯಾಧೀಶರ ಮುಂದೆ ಯಾವ ಕಾಯಿಲೆ ನಡೆಯುತ್ತದೆ ಎಂಬುದು ಅವನಿಗೆ ಕರತಲಾಮಲಕ. ಸಂಘದವರು ಅವನಿಗೆ ಕೊಟ್ಟ ಬಿರುದನ್ನು, ಗುರುತು ಹತ್ತದಂತೆ ಒಂದೆರಡು ವಿವರಗಳ ಜೊತೆ ಬದಲಿಸಿ, ಇಲ್ಲಿ ‘ವಾಯಿದೆ ವೀರ’ ಎಂದು ಬರೆಯುತ್ತಿದ್ದೇನೆ. ನಮ್ಮ ಮನೆಗೆ ಬಂದಾಗ ಅವಳ ತಾಯಿಯ ಮುಂದೆ ಬಡಾಯಿ ಕೊಚ್ಚುತ್ತಿದ್ದ: “ಆಂಟಿ, ನಿಮ್ಮ ಮಗಳಿಗೆ ನಾನು ಟೈಫಾಯಿಡ್ ಕೂಡ ಬರಿಸಿದೀನಿ. ಒಬ್ಬೇ ಒಬ್ಬ ಜಡ್ಜ್‌ಗೂ ಅನುಮಾನ ಬಂದಿಲ್ಲ.”

ಅವಳಿಗೆ ಕೊಟ್ಟ ಒಂದೊಂದು ವಾಯಿದೆಯೂ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹೊಂಡಕ್ಕೆ ಬಿದ್ದವಳ ಮೇಲೆ ಎಲ್ಲರೂ ಸೇರಿ ಮೃದುವಾಗಿ ಹೂವು ಸುರಿದರು. ಹಗ್ಗ ಇಳಿಸುವುದು ಯಾರಿಗೂ ಹೊಳೆಯಲಿಲ್ಲ.

ಈಗ, ಮಾತು ಕೊಟ್ಟಂತೆ, ನಿಮ್ಮ ಪಕ್ಷ. ಮತ್ತಿನಲ್ಲಿರುವ ವಕೀಲ ತನಗೊಬ್ಬನಿಗೇ ಕೇಡು ಮಾಡಿಕೊಳ್ಳುವುದಿಲ್ಲ. ಅವನ ಹಿಂದೆ ಕಕ್ಷಿದಾರನಿದ್ದಾನೆ. ಅವನ ಸ್ವಾತಂತ್ರ್ಯ, ಮನೆ, ಮಕ್ಕಳು ಎಲ್ಲವೂ ಆ ವಕೀಲನ ನಾಲಿಗೆಯ ಮೇಲೆ ನಿಂತಿರುತ್ತವೆ. ಇದಕ್ಕೆ ಪುರಾವೆಯನ್ನು ನನ್ನ ಮಗಳ ವಿರುದ್ಧವೇ ನಾನು ಕೊಡುತ್ತೇನೆ. ಒಬ್ಬ ಲಾರಿ ಚಾಲಕನ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷಿಯ ಪಾಟೀಸವಾಲು ಅವಳು ಮಾಡಬೇಕಿತ್ತು. ಆ ಬೆಳಿಗ್ಗೆ ಅವಳು ಬಚ್ಚಲಿನ ಗೋಡೆಗೆ ಒರಗಿ ಕುಳಿತಿದ್ದಳು. ವಾಯಿದೆ ವೀರ ದಿನಾಂಕ ತಂದ. ಆ ಸಾಕ್ಷಿ ಮತ್ತೆ ಸಿಗುವಷ್ಟರಲ್ಲಿ ಋತುವೇ ಬದಲಾಯಿತು. ಅಷ್ಟು ಕಾಲ ಲಾರಿ ಚಾಲಕ ಜೈಲಿನಲ್ಲೇ ಉಳಿದ. ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಕುರ್ಚಿಯ ಅಂಚಿನಲ್ಲಿ ಕುಳಿತು, ನೀರನ್ನೂ ಮುಟ್ಟದೆ, ಜಗಳದ ಒಂದು ಮಾತೂ ಇಲ್ಲದೆ ನನಗೆ ಹೇಳಿದಳು: “ಮೇಡಂ ಒಳ್ಳೆಯವರು ಸಾರ್. ಆದ್ರೆ ಅವರ ಒಳ್ಳೆತನ ಇಟ್ಕೊಂಡು ನಾವೇನ್ ಮಾಡೋಣ?”

ನನ್ನ ಮಗಳು ಒಳಗಿನ ಕೋಣೆಯಲ್ಲಿ ಆ ಮಾತು ಕೇಳಿಸಿಕೊಂಡಳು. ಆ ಹೆಂಗಸಿನ ಪ್ರಶ್ನೆ ನ್ಯಾಯವಾದದ್ದು. ಆದ್ದರಿಂದ, ಅಂಥ ವಕೀಲೆಯನ್ನು ನ್ಯಾಯಾಲಯದಿಂದ ದೂರವಿಡುವ ಅಧಿಕಾರ ಪರಿಷತ್ತಿಗೆ ಇರಬೇಕು ಎಂದು ನೀವು ಹೇಳಿದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ. ಮಗಳ ವಿಷಯದಲ್ಲೂ ತಟ್ಟುತ್ತೇನೆ. ತಂದೆಯೆಂಬ ಕಾರಣಕ್ಕೆ ತೂಕ ತಪ್ಪಿಸುವ ಅಭ್ಯಾಸ ನನಗಿಲ್ಲ.

ಆದರೆ ನೀವು ಮಾಡಿದ್ದು ಅದಲ್ಲ. ಈ ಪತ್ರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ; ನೀವು ಮಾಡಿದ್ದೇನೆಂದು ಅದರ ಓದುಗರಿಗೂ ತಿಳಿಯಲಿ.

ಸಂಘದ ಕೋಣೆಯಲ್ಲಿ, ಚಹಾ ಯಂತ್ರದ ಪಕ್ಕದ ಗೋಡೆಯಲ್ಲಿ ನಿಮ್ಮ ಪರಿಷತ್ತಿನ ಬಣ್ಣದ ಭಿತ್ತಿಪತ್ರವಿದೆ. ಒಂದು ಕೈ ಇನ್ನೊಂದು ಕೈಯನ್ನು ಹಿಡಿದಿರುವ ಚಿತ್ರ; ಕೆಳಗೆ, ‘ಮಾತನಾಡಿ. ನಾವು ನಿಮ್ಮೊಂದಿಗಿದ್ದೇವೆ.’ ಲಾರಿ ಚಾಲಕನ ಹೆಂಡತಿ ಬಂದುಹೋದ ಮರುದಿನ ನನ್ನ ಮಗಳು ಅದರ ಮುಂದೆ ನಿಂತಳು. ಅವಳ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ. ಯಾರೂ ಹಿಡಿದಿರಲಿಲ್ಲ. ವಾಯಿದೆ ವೀರನಂಥ ಗೆಳೆಯನಿರುವಾಗ ಇನ್ನೂ ಎಷ್ಟೋ ಕಾಲ ಹಾಗೇ ದೂಡಬಹುದಿತ್ತು. ಅವಳು ತಾನಾಗಿಯೇ ಸಮಯ ಕೇಳಿ ನಿಮ್ಮ ಕಚೇರಿಗೆ ಬಂದಳು. ಜೊತೆಯಲ್ಲಿ ಬರಬೇಕೆಂದು ನನ್ನನ್ನು ಕೇಳಿದಳು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆ.

ಒಳಗೆ ಮೂವರಿದ್ದಿರಿ. ಮಧ್ಯದ ಕುರ್ಚಿಯಲ್ಲಿದ್ದವರು ನೀವು. ನೀವು ಅವಳಿಗೆ ನೀರು ತರಿಸಿದಿರಂತೆ. ನಿಮ್ಮ ಎಡಗಡೆ ಕುಳಿತಿದ್ದ ಸದಸ್ಯೆ ಕರವಸ್ತ್ರ ಕೊಟ್ಟರಂತೆ. ಇದು ಮನೆಯ ಮಾತು, ಇಲ್ಲಿಂದ ಹೊರಗೆ ಹೋಗುವುದಿಲ್ಲ, ಧೈರ್ಯವಾಗಿ ಹೇಳಮ್ಮ ಎಂದಿರಂತೆ. ಅವಳು ಹೇಳಿದಳು. ಯಾವ ಮಾತ್ರೆ, ಯಾವಾಗಿನಿಂದ, ಯಾವ ಮೊಕದ್ದಮೆಯಲ್ಲಿ ತನ್ನ ನಾಲಿಗೆ ತೊದಲಿತು, ಲಾರಿ ಚಾಲಕನಿಗೆ ಏನಾಯಿತು, ಎಲ್ಲವನ್ನೂ. ನಿಮ್ಮ ಸದಸ್ಯೆ ಒಬ್ಬ ಒಳ್ಳೆಯ ವೈದ್ಯೆಯ ವಿಳಾಸವನ್ನೂ ಕೊಟ್ಟರು. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ.

ಹೊರಗೆ ಬಂದವಳ ಮುಖ ನೋಡಿ ನಾನು ಎದ್ದು ನಿಂತೆ. “ಅಪ್ಪ, ಎಲ್ಲಾ ಹೇಳಿಬಿಟ್ಟೆ,” ಎಂದಳು. ಆಮೇಲೆ, “ನಂಗೆ ಹಸಿವಾಗ್ತಿದೆ” ಎಂದಳು.

ಆ ಮಾತನ್ನು ಅವಳ ಬಾಯಿಂದ ಕೇಳಿ ಬಹಳ ಕಾಲವಾಗಿತ್ತು. ಎದುರಿನ ಹೋಟೆಲಿನಲ್ಲಿ ಅವಳು ಎರಡನೆಯ ಸಲ ಬಡಿಸಿಕೊಂಡು ಉಂಡಳು. ನನ್ನ ತಟ್ಟೆಯಲ್ಲಿ ಉಳಿದದ್ದಕ್ಕೂ ಕೈ ಹಾಕಿದಳು. “ಮೈ ಲಾರ್ಡ್, ಇದು ಅನಾಥ ಆಸ್ತಿ, ಸರ್ಕಾರಕ್ಕೆ ಹೋಗೋ ಬದಲು ನಾನೇ ವಶಪಡಿಸ್ಕೊಳ್ತೀನಿ” ಎಂದಳು. ಅಧ್ಯಕ್ಷರೇ, ಆ ಊಟವನ್ನು ನಿಮ್ಮ ಲೆಕ್ಕಕ್ಕೆ ನಾನು ಜಮಾ ಮಾಡಿದ್ದೇನೆ. ನಾನು ಅನ್ಯಾಯದ ಮನುಷ್ಯನಲ್ಲ.

ಚಿಕಿತ್ಸೆ ಆರಂಭವಾಯಿತು. ಸುಲಭವಿರಲಿಲ್ಲ, ಮೈ ನಡುಗುತ್ತಿತ್ತು, ಬೆವರುತ್ತಿತ್ತು, ಅವಳ ತಾಯಿ ಪಕ್ಕದಲ್ಲೇ ಹಾಸಿಗೆ ಹಾಕಿಕೊಂಡಿದ್ದಳು. ಆದರೂ ವಾರ ಕಳೆದಂತೆ ಮಗಳ ಕಣ್ಣಿಗೆ ಬೆಳಕು ಬಂತು. ದಿನಪತ್ರಿಕೆ ಓದತೊಡಗಿದಳು, ಸಂಪಾದಕೀಯದ ವಿಷಯದಲ್ಲಿ ನನ್ನೊಡನೆ ವಾದಕ್ಕಿಳಿದಳು. ವೈದ್ಯೆ, ಈ ಹುಡುಗಿ ಗೆಲ್ಲುತ್ತಾಳೆ ಎಂದರು. ಆಗ ನಿಮ್ಮ ನೋಟೀಸು ಬಂತು. ಶಿಸ್ತು ಸಮಿತಿಯ ಮುಂದೆ ಹಾಜರಾಗಬೇಕು.

ಅವಳು ಗಾಬರಿಯಾಗಲಿಲ್ಲ. ಯಾರೋ ಕಕ್ಷಿದಾರರು ದೂರು ಕೊಟ್ಟಿರಬೇಕು, ಕೊಟ್ಟಿದ್ದರೆ ನ್ಯಾಯವೇ, ಉತ್ತರ ಹೇಳುತ್ತೇನೆ ಎಂದಳು. ಕಪ್ಪು ಕೋಟನ್ನು ತಾನೇ ಇಸ್ತ್ರಿ ಮಾಡಿಕೊಂಡಳು. ನಾವು ಅದೇ ಕಟ್ಟಡಕ್ಕೆ ಬಂದು ಅದೇ ಮಹಡಿ ಹತ್ತಿದೆವು. ನಾನು ಅದೇ ಬೆಂಚಿನ ಮೇಲೆ ಕುಳಿತೆ.

ಅವಳು ಹೊರಬಂದಾಗ ನಗುತ್ತಿದ್ದಳು. ಅಂಥ ನಗುವನ್ನು ನಾನು ಅವಳ ಮುಖದಲ್ಲಿ ಹಿಂದೆಂದೂ ಕಂಡಿರಲಿಲ್ಲ. “ಅಪ್ಪ, ಅದೇ ರೂಮು. ಅದೇ ಮೂರು ಜನ. ಅದೇ ನೀರಿನ ಜಗ್ಗು. ಬೋರ್ಡ್ ಮಾತ್ರ ತಿರುಗಿಸಿಟ್ಟಿದ್ರು.”

ದೂರು ಯಾರದೂ ಇರಲಿಲ್ಲ. ಅವಳ ವಿರುದ್ಧದ ಸಾಕ್ಷ್ಯ ಎಲ್ಲವೂ ಅವಳೇ ಆ ಕೊಠಡಿಯಲ್ಲಿ, ನೀವು ತರಿಸಿಕೊಟ್ಟ ನೀರು ಕುಡಿದು, ನಿಮ್ಮ ಮೂವರಿಗೆ ಹೇಳಿದ ಮಾತುಗಳು. ಅವನ್ನು ನೀವು ಒಂದೊಂದಾಗಿ ಅವಳಿಗೇ ಓದಿ ಹೇಳಿ, ಒಪ್ಪುತ್ತೀರೋ ಇಲ್ಲವೋ ಎಂದು ಕೇಳಿದಿರಿ. ಅವಳು, “ಸರ್, ಇದನ್ನ ನಾನು ಹೇಳಿದ್ದು ಕ್ಷೇಮ ಸಮಿತಿಗೆ” ಎಂದಳಂತೆ. ನೀವು ಕೊಟ್ಟ ಉತ್ತರವನ್ನು ಅವಳು ಮನೆಯಲ್ಲಿ ಮತ್ತೆ ಮತ್ತೆ ಹೇಳಿ ನಗುತ್ತಿದ್ದಳು: “ನಮಗೆ ಹೇಳಿದ್ದನ್ನೇ ತಾನೇ ತಾಯಿ ನಾವು ಕೇಳ್ತಿರೋದು. ಒಂದು ಕಿವೀಲಿ ಕೇಳಿದ್ದು ಇನ್ನೊಂದು ಕಿವಿಗೆ ಗೊತ್ತಿಲ್ಲ ಅನ್ನೋಕಾಗುತ್ತಾ?”

ನೀವೆಲ್ಲ ಎದ್ದುಹೋದ ಮೇಲೆ ನಾನು ಆ ಕೊಠಡಿಯೊಳಗೆ ಹೋದೆ. ಫಲಕವನ್ನು ಕೈಯಲ್ಲಿ ಹಿಡಿದು ನೋಡಿದೆ. ಒಳ್ಳೆಯ ಮರ, ಒಳ್ಳೆಯ ಬರವಣಿಗೆ. ಎರಡು ಬದಿಗೂ ಒಂದೇ ಕೈಯ ಅಕ್ಷರ, ಒಂದೇ ಬಣ್ಣ. ಲೋಟಗಳನ್ನು ಎತ್ತುತ್ತಿದ್ದ ಅಟೆಂಡರ್ ನಾನು ದಿಟ್ಟಿಸುವುದನ್ನು ಕಂಡು, “ಎರಡು ಮಾಡಿಸೋದು ಯಾಕೆ ಅಂತ ಒಂದರಲ್ಲೇ ಬರೆಸಿದ್ರು ಸಾರ್. ಕೂರೋರು ಅವರೇ ಅಲ್ವಾ” ಎಂದ. ಅವನು ತಮಾಷೆಗೆ ಹೇಳಲಿಲ್ಲ.

ಅಧ್ಯಕ್ಷರೇ, ಈಗ ನನ್ನ ಖಂಡನೆ. ನನ್ನ ಮಗಳ ಕಕ್ಷಿದಾರರಲ್ಲಿ ಕೊಲೆ ಮಾಡಿದವರೂ ಇದ್ದರು. ಅವರಲ್ಲೊಬ್ಬ ಜೈಲಿನ ಭೇಟಿಕೋಣೆಯಲ್ಲಿ ಅವಳ ಮುಂದೆ ಕುಳಿತು, ಹೌದು ಮೇಡಂ ನಾನೇ ಮಾಡಿದ್ದು ಎಂದರೆ, ಆ ಮಾತಿಗೆ ಬೀಗ. ಪೊಲೀಸರು ಕೇಳಿದರೂ, ನ್ಯಾಯಾಧೀಶರು ಕೇಳಿದರೂ, ಹೆತ್ತ ತಂದೆ ಊಟಕ್ಕೆ ಕುಳಿತಾಗ ಕೇಳಿದರೂ ಅವಳು ಬಾಯಿ ಬಿಡುವಂತಿಲ್ಲ. ನಾನು ಕೇಳಿ ನೋಡಿದ್ದೇನೆ, ಬಿಡಲಿಲ್ಲ. ಈ ಬೀಗ ಏಕಿದೆ ಎಂಬುದನ್ನು ನಿಮ್ಮ ವೃತ್ತಿಯವರು ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತೀರಿ: ಭಯವಿರುವಲ್ಲಿ ಸತ್ಯ ಹೊರಬರುವುದಿಲ್ಲ, ಸತ್ಯ ಹೊರಬಾರದೆ ರಕ್ಷಣೆ ಸಾಧ್ಯವಿಲ್ಲ. ಬಹಳ ಸರಿ. ಹಾಗಾದರೆ ಕೊಲೆ ಮಾಡಿದವನು ವಕೀಲೆಗೆ ಹೇಳಿದ್ದು ಗುಟ್ಟು. ಆ ವಕೀಲೆ ತನ್ನ ಕಾಯಿಲೆಯ ಬಗ್ಗೆ ನಿಮಗೆ ಹೇಳಿದ್ದು ಸಾಕ್ಷ್ಯ. ಲೋಕದ ಎಲ್ಲ ಅಪರಾಧಿಗಳಿಗೂ ನೀವು ಕೊಡಿಸುವ ರಕ್ಷಣೆಯಿಂದ ಹೊರಗುಳಿದ ಪ್ರಾಣಿ ಒಂದೇ, ಅದು ವಕೀಲ. ಇದನ್ನು ಯಾವ ಕಾನೂನು ಶಾಲೆಯಲ್ಲಿ, ಯಾವ ಮುಖ ಹೊತ್ತು ಪಾಠ ಮಾಡುತ್ತೀರಿ?

ನಿಯಮ ಎಲ್ಲರಿಗೂ ಒಂದೇ ಎಂದು ನೀವು ಹೇಳಬಹುದು. ಒಂದೇ ಅಲ್ಲ. ಅಭ್ಯಾಸವನ್ನು ಬಚ್ಚಿಟ್ಟುಕೊಂಡು ಗೆಳೆಯರಿಂದ ವಾಯಿದೆ ತರಿಸಿಕೊಳ್ಳುತ್ತಿರುವವರು ಇವತ್ತೂ ನಿಮ್ಮ ನ್ಯಾಯಾಲಯಗಳಲ್ಲಿ ಕಕ್ಷಿದಾರರ ಪರ ವಾದಿಸುತ್ತಿದ್ದಾರೆ. ಅವರ ಸನ್ನದಿಗೆ ಗೀರೂ ಬಿದ್ದಿಲ್ಲ. ಸನ್ನದು ಕಳೆದುಕೊಂಡವಳು ಸತ್ಯ ಹೇಳಿದವಳು ಮಾತ್ರ. ಅಂದಮೇಲೆ ನಿಮ್ಮ ಪದ್ಧತಿಯಲ್ಲಿ ಶಿಕ್ಷೆ ಇರುವುದು ಮತ್ತಿಗಲ್ಲ, ಮಾತಿಗೆ. ನೀವು ಕಾಪಾಡಿದ್ದು ಯಾವ ಕಕ್ಷಿದಾರನನ್ನು? ಲಾರಿ ಚಾಲಕ ಜೈಲಿನಲ್ಲಿ ಕೊಳೆಯುತ್ತಿದ್ದಾಗ ನಿಮ್ಮ ಎರಡು ಸಮಿತಿಗಳೂ ನಿದ್ದೆ ಮಾಡುತ್ತಿದ್ದವು. ಅವನಿಗಾಗಿ ಎದ್ದು ಬಂದವಳು ನನ್ನ ಮಗಳು, ತನ್ನ ಕುತ್ತಿಗೆಯನ್ನು ತಾನೇ ಮುಂದೊಡ್ಡಿ.

ಸೇವೆಯುದ್ದಕ್ಕೂ ನಾನು ಅಂಗಡಿಗಳ ತಕ್ಕಡಿ ಪರೀಕ್ಷಿಸಿದವನು. ತಪ್ಪು ತೂಗುವ ತಕ್ಕಡಿಯ ಒಡೆಯನನ್ನು ಹಿಡಿದರೆ ಅವನು ಹೇಳುತ್ತಿದ್ದ ಮಾತು ಒಂದೇ: ಹಳೆಯದಾಯಿತು ಸ್ವಾಮಿ, ತಾನಾಗಿ ಕೆಟ್ಟಿತು. ಇರಬಹುದು. ಆದರೆ ಅಂಗಡಿಯವನಿಗೆ ನಷ್ಟವಾಗುವ ಹಾಗೆ ತಾನಾಗಿ ಕೆಟ್ಟ ತಕ್ಕಡಿಯನ್ನು ನಾನು ಒಂದನ್ನೂ ಕಾಣಲಿಲ್ಲ. ನಿಮ್ಮ ಪರಿಷತ್ತಿನ ಲಾಂಛನದಲ್ಲೂ ತಕ್ಕಡಿ ಇದೆ. ಅದು ಯಾರ ಕಡೆಗೆ ವಾಲಿದೆ ಎಂದು ಹೇಳಲು ನನಗೆ ಉಪಕರಣ ಬೇಕಾಗಲಿಲ್ಲ. ಭಿತ್ತಿಪತ್ರದಿಂದ ಹೆಸರು ಬಂತು, ಶಿಕ್ಷೆಯಿಂದ ಗಾಂಭೀರ್ಯ ಬಂತು; ಎರಡು ತಟ್ಟೆಯ ಲಾಭವೂ ನಿಮಗೇ.

ನಿಮ್ಮ ಆದೇಶ ಹೀಗಿತ್ತು: ಸನ್ನದು ಅಮಾನತು, ಅರ್ಹಳೆಂದು ಸಮಿತಿಗೆ ಮನವರಿಕೆಯಾಗುವವರೆಗೆ ಪ್ರತಿ ಸಭೆಗೂ ಚಿಕಿತ್ಸೆಯ ಸಂಪೂರ್ಣ ವಿವರ ಹಾಜರುಪಡಿಸಬೇಕು. ವೈದ್ಯೆಯ ಮುಂದೆ ಆಡಿದ ಮಾತು, ಅತ್ತದ್ದು, ಜಾರಿದ ದಿನ, ಎಲ್ಲ. ಅಮಾನತನ್ನು ನನ್ನ ಮಗಳು ನುಂಗಿಕೊಂಡಳು, ನ್ಯಾಯವೆಂದೇ ಒಪ್ಪಿದಳು. ಎರಡನೆಯದನ್ನು ನುಂಗಲಾಗಲಿಲ್ಲ. ಅವಳು ವೈದ್ಯೆಯ ಬಳಿಗೆ ಹೋಗುವುದನ್ನು ನಿಲ್ಲಿಸಿದಳು.

ನಾನು ವಾದಿಸಿದೆ. ಗದರಿದೆ. ಚರ್ಚೆಯಲ್ಲಿ ಗಳಿಸಿದ ಕಪ್ಪುಗಳೆಲ್ಲ ಕಪಾಟಿನಿಂದ ನೋಡುತ್ತಿರಲು ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಅವಳು ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು, ಕೋರ್ಟಿನಲ್ಲಿ ಮಾತಾಡುವಷ್ಟೇ ಸಾವಧಾನವಾಗಿ ಕೇಳಿದಳು: “ಅಪ್ಪ, ನಾನು ಡಾಕ್ಟರ್ ಹತ್ರ ನಿಜ ಹೇಳಿದ್ರೆ ಅದು ಆ ಮೇಜಿನ ಮೇಲೆ ಬರುತ್ತೆ. ಸುಳ್ಳು ಹೇಳಿದ್ರೆ ಚಿಕಿತ್ಸೆ ಆಗಲ್ಲ. ಮೂರನೇದೊಂದು ಇದ್ರೆ ಹೇಳಿ, ನಾಳೆನೇ ಹೋಗ್ತೀನಿ.”

ನಾನು ಮೂರನೆಯದನ್ನು ಹುಡುಕಿದೆ. ನಿಮ್ಮ ಆದೇಶದಲ್ಲಿ ಅದಕ್ಕೆ ಜಾಗವಿರಲಿಲ್ಲ.

ತಾನೊಬ್ಬಳೇ ನಿಭಾಯಿಸುತ್ತೇನೆಂದು ಹಲ್ಲು ಕಚ್ಚಿ ಕೆಲವು ಕಾಲ ನಿಭಾಯಿಸಿದಳು. ಆಮೇಲೆ ಒಂದು ದಿನ ಕೈಲಾಗಲಿಲ್ಲ. ಮಾತ್ರೆ ಬಿಟ್ಟಿದ್ದ ದೇಹಕ್ಕೆ ಹಿಂದಿನ ಪ್ರಮಾಣವೇ ವಿಷವಾಗುತ್ತದೆ, ಸಾಯಬೇಕೆಂದು ತೆಗೆದುಕೊಂಡದ್ದಲ್ಲ ಇದು, ಚಿಕಿತ್ಸೆಯಲ್ಲಿದ್ದಿದ್ದರೆ ನಾನು ಎಚ್ಚರಿಸುತ್ತಿದ್ದೆ ಎಂದು ವೈದ್ಯೆ ಆಮೇಲೆ ನಮಗೆ ವಿವರಿಸಿದರು. ಬೆಳಿಗ್ಗೆ ಅವಳ ತಾಯಿ ಬಾಗಿಲು ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಇದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದಾಗದು, ನಿಮಗೂ ಬೇಕಾಗದು.

ನಿಮ್ಮ ಸಂಘ ಸಂತಾಪಸಭೆ ನಡೆಸಿತು. ಅಧ್ಯಕ್ಷತೆ ನಿಮ್ಮದೇ. ಮೊನ್ನೆಯಷ್ಟೇ ಅನರ್ಹಳೆಂದು ಬರೆದ ಕೈಯಿಂದಲೇ ಅವಳ ಚಿತ್ರಕ್ಕೆ ಹೂವಿಟ್ಟು, ‘ವೃತ್ತಿಗೆ ಭೂಷಣಪ್ರಾಯಳು’ ಎಂದಿರಿ. ಹೃದಯಸ್ತಂಭನದಿಂದ ಅಕಾಲಿಕ ನಿಧನ ಎಂದಿರಿ. ಹೃದಯ ನಿಲ್ಲದೆ ಯಾರಾದರೂ ಸತ್ತದ್ದುಂಟೇ, ಮಾನ್ಯರೇ? ನಿಂತದ್ದು ಏಕೆ ಎಂದು ಆ ತುಂಬಿದ ಸಭೆಯಲ್ಲಿ ಯಾರೂ ಕೇಳಲಿಲ್ಲ. ಪಾಟೀಸವಾಲಿನಿಂದ ಹೊಟ್ಟೆ ಹೊರೆಯುವವರ ಸಭೆಯದು. ಒಂದೇ ಒಂದು ಪ್ರಶ್ನೆಯೂ ಏಳಲಿಲ್ಲ. ಬದುಕಿದ್ದಾಗ ಅವಳಿಗೆ ವಾಯಿದೆ ಕೊಟ್ಟವರೆಲ್ಲ ಸೇರಿ ಅವಳ ಸಾವಿನ ಕಾರಣಕ್ಕೂ ಒಂದು ವಾಯಿದೆ ಕೊಟ್ಟರು. ಆಕ್ಷೇಪಣೆ ಇರಲಿಲ್ಲ.

ಈ ಪತ್ರ ಬರೆಯುವ ಉದ್ದೇಶ ಅಲ್ಲಿಯವರೆಗೂ ನನಗಿರಲಿಲ್ಲ. ಹೋದವಳು ಹೋದಳು, ನಿಮ್ಮನ್ನು ಬೈದು ನನಗೆ ಆಗಬೇಕಾದ್ದೇನಿದೆ? ಬರೆಸಿದ್ದು ಆಮೇಲೆ ನಡೆದದ್ದು. ಸಭೆ ಮುಗಿದು ನಾನು ಮೆಟ್ಟಿಲು ಇಳಿಯುತ್ತಿದ್ದಾಗ ವಾಯಿದೆ ವೀರ ಹಿಂದೆಯೇ ಬಂದ. ಅವಳು ಜಾರಿ ಬಿದ್ದಿದ್ದ ಮೆಟ್ಟಿಲುಗಳೇ ಅವು. ಕೋಟಿನ ಗುಂಡಿಯನ್ನು ಹಾಕುತ್ತ ತೆಗೆಯುತ್ತ ನನ್ನ ಪಕ್ಕದಲ್ಲಿ ನಿಂತ. ನಾನು ಅವನ ಕೈ ನೋಡಿದೆ. ಆ ನಡುಕವನ್ನು ನಾನು ನನ್ನ ಮನೆಯಲ್ಲಿ ಬೇಕಾದಷ್ಟು ನೋಡಿದ್ದೆ.

“ಅಂಕಲ್, ನನಗೂ ಇದೆ,” ಎಂದ. “ಅವಳದ್ದೇ ಮಾತ್ರೆ. ಡಾಕ್ಟರ್ ನಿಲ್ಲಿಸಿದ ಮೇಲೆ ಮೊದಲು ಅವಳಿಗೆ ಕೊಟ್ಟಿದ್ದೂ ನಾನೇ.”

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅವನನ್ನು ಹಿಡಿದುಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

“ಮನೇಲಿ ಗೊತ್ತಿಲ್ಲ. ಮಗು ಇನ್ನೂ ಚಿಕ್ಕದು,” ಎಂದ. “ನೀವು ಹೇಳಿ ಅಂಕಲ್. ನಾನು ಆ ಸಮಿತಿ ಹತ್ರ ಹೋಗ್ಲಾ, ಬೇಡ್ವಾ?”

ಅಧ್ಯಕ್ಷರೇ, ಈ ಪ್ರಶ್ನೆ ನನ್ನದಲ್ಲ, ನಿಮ್ಮದು. ನಿಮ್ಮ ಭಿತ್ತಿಪತ್ರದ ಬಲದ ಮೇಲೆ ಕೇಳಿದ ಪ್ರಶ್ನೆ. ಹೋಗು ಎಂದರೆ ನನ್ನ ಮಗಳು ಹೋದ ದಾರಿಗೇ ಅವನನ್ನು ಕಳುಹಿಸಿದಂತೆ. ಬೇಡ ಎಂದರೆ ಅವನ ಹಿಂದೆ ಇನ್ನೆಷ್ಟು ಲಾರಿ ಚಾಲಕರು ಜೈಲಿನಲ್ಲಿ ಕಾಯುತ್ತಿದ್ದಾರೋ, ಅವನ ಮಗುವಿನ ಮುಂದೆ ಅವನಿಗೆ ಇನ್ನೆಷ್ಟು ದಿನ ಉಳಿದಿದೆಯೋ. ಕಾಲೇಜಿನಲ್ಲಿ ಪರ ಬಂದರೂ ವಿರೋಧ ಬಂದರೂ ಹಿಂಜರಿಯದೆ ಮಾತಾಡುತ್ತಿದ್ದವನು ನಾನು. ಆ ಮೆಟ್ಟಿಲಿನ ಮೇಲೆ ಮಾತ್ರ, ಆಮೇಲೆ ಹೇಳುತ್ತೇನೆ ಎಂದೆ.

ಅವನು ನಗಲು ಪ್ರಯತ್ನಿಸಿದ. “ವಾಯಿದೆನಾ ಅಂಕಲ್?”

“ಹೌದಪ್ಪ,” ಎಂದೆ. “ವಾಯಿದೆ.”

ನನ್ನ ಬೇಡಿಕೆ ಈಗ ನಿಮಗೆ ಸ್ಪಷ್ಟವಾಗಿರಬೇಕು. ಸಹಾಯ ಕೇಳಿ ಬರುವ ವಕೀಲನ ಮಾತು ಕೇಳಿಸಿಕೊಳ್ಳುವವರು ಬೇರೆ ಇರಲಿ, ಬೇರೆ ಕಟ್ಟಡದಲ್ಲಿರಲಿ. ಅವರು ವೈದ್ಯರಾಗಿರಲಿ, ಈ ವ್ಯಸನವನ್ನು ಗೆದ್ದು ಬಂದ ಹಿರಿಯರಾಗಿರಲಿ, ನಿಮ್ಮ ಪೀಠದಲ್ಲಿ ಕೂರುವವರು ಮಾತ್ರ ಬೇಡ. ಅಲ್ಲಿ ಆಡಿದ ಮಾತಿಗೆ, ಅಲ್ಲಿಂದ ಮುಂದೆ ವೈದ್ಯರ ಬಳಿ ಆಡಿದ ಮಾತಿಗೆ, ಕೊಲೆಗಾರನ ಮಾತಿಗೆ ಇರುವಷ್ಟೇ ಬಲವಾದ ಬೀಗವಿರಲಿ. ಚಿಕಿತ್ಸೆಯ ಕಾಲದಲ್ಲಿ ಅವನ ಮೊಕದ್ದಮೆಗಳನ್ನು ಆರೋಗ್ಯವಂತ ವಕೀಲರು ವಹಿಸಿಕೊಳ್ಳುವ ಏರ್ಪಾಡು ಮಾಡಿ. ಸುಳ್ಳು ಟೈಫಾಯಿಡಿನ ಸೌಜನ್ಯಕ್ಕಿಂತ ಅದು ಹೆಚ್ಚಿನ ಸೌಜನ್ಯ, ಲಾರಿ ಚಾಲಕನ ಹೆಂಡತಿಗೆ ಕೊಡಬಹುದಾದ ಉತ್ತರವೂ ಅದೇ. ಗುಣವಾಗಿ ಮರಳಿದವನ ಸನ್ನದಿನ ಮೇಲೆ ಕಲೆ ಬೇಡ. ಕಕ್ಷಿದಾರ ದೂರು ಕೊಟ್ಟರೆ, ಅಥವಾ ಚಿಕಿತ್ಸೆ ತೊರೆದು ಮತ್ತಿನಲ್ಲೇ ನ್ಯಾಯಾಲಯಕ್ಕೆ ಬಂದರೆ, ಆಗ ನಿಮ್ಮ ಶಿಸ್ತು ಸಮಿತಿ ತನ್ನ ಕೆಲಸ ಮಾಡಲಿ. ನಾನು ಅಡ್ಡ ಬರುವುದಿಲ್ಲ. ಇದನ್ನು ಭಿತ್ತಿಪತ್ರದಲ್ಲಿ ಬರೆಸಿ ನಮ್ಮ ಕಣ್ಣೊರೆಸಬೇಡಿ. ನಿಯಮದಲ್ಲಿ ಬರೆಯಿರಿ, ನಿಮ್ಮ ಸಹಿ ಹಾಕಿ.

ಮತ್ತೊಂದು ಸಣ್ಣ ಬೇಡಿಕೆ. ಸುಳ್ಳು ತೂಕದ ಬಟ್ಟು ಸಿಕ್ಕರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬರುವ ಪದ್ಧತಿ ನಮ್ಮ ಇಲಾಖೆಯಲ್ಲಿರಲಿಲ್ಲ. ಎಚ್ಚರಿಕೆ ಹೇಳಿ ಬಿಟ್ಟುಬಂದರೆ ಮರುದಿನ ಅದು ಮತ್ತೆ ತಟ್ಟೆ ಏರುತ್ತದೆ. ವಶಪಡಿಸಿಕೊಂಡು, ಮತ್ತೆ ಯಾರೂ ಬಳಸದಂತೆ ಒಡೆಯುತ್ತಿದ್ದೆವು. ಆ ನಾಮಫಲಕವನ್ನು ನನಗೆ ಒಪ್ಪಿಸಿ. ನಿವೃತ್ತನಾದರೂ ಆ ಕೆಲಸ ನನಗೆ ಮರೆತಿಲ್ಲ.

ಅಲ್ಲಿಯವರೆಗೆ, ಮೆಟ್ಟಿಲ ಮೇಲೆ ನನ್ನನ್ನು ಕೇಳಿದವನಿಗೆ ಈ ಪತ್ರದ ಮೂಲಕವೇ ಉತ್ತರ ಹೇಳುತ್ತಿದ್ದೇನೆ. ಸಂಘದ ಕೋಣೆಯಲ್ಲಿ ಅವನು ಇದನ್ನು ಓದುತ್ತಾನೆ. ಮಗನೇ, ಆ ಕೊಠಡಿಗೆ ಹೋಗಬೇಡ. ನನ್ನ ಮನೆಗೆ ಬಾ. ಅವಳ ವೈದ್ಯೆಯ ಬಳಿಗೆ ನಾನು ಕರೆದುಕೊಂಡು ಹೋಗುತ್ತೇನೆ, ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತೇನೆ. ಕಾಯುವುದು ನನಗೆ ಅಭ್ಯಾಸವಾಗಿದೆ. ನೀನು ಹೊರಗೆ ಬಂದು ಹಸಿವಾಗಿದೆ ಎಂದರೆ ಎದ್ದು ನಿಲ್ಲುತ್ತೇನೆ.

ಅಧ್ಯಕ್ಷರೇ, ಒಬ್ಬ ನಿವೃತ್ತ ಮುದುಕ ಮಾಡಬಹುದಾದ ಈ ಕೆಲಸವನ್ನು ನಿಮ್ಮ ಪರಿಷತ್ತು ಮಾಡುವುದು ಯಾವಾಗ? ದಿನಾಂಕ ತಿಳಿಸಿ. ಮುಂದೂಡಬೇಡಿ.

ಇಂತಿ,
ನಿಮ್ಮ ಫಲಕದ ಎರಡು ಬದಿಯನ್ನೂ ಓದಿದ,
ಮಗಳ ಪ್ರಶ್ನೆಗೆ 'ಮೂರನೆಯದು' ಸಿಗದ
ಒಬ್ಬ ತಂದೆ